ಕ್ಲಚ್ಚನ್ನು ಕೈಗೆ ತಂದುಕೊಟ್ಟ ಫಕ್ಕೀರಣ್ಣ

ಸುಳ್ಳು ಸುದ್ದಿ ಇರಬೇಕು ಎಂದುಕೊಂಡು ಮೂರು ಸಲ ಫೋನ್ ಮಾಡಿದೆ...
ಮೂರು ಸಲವೂ ಅವನ ಮಗನೇ ಎತ್ತಿದ.
ಅದನ್ನೇ ಹೇಳಿದ.

ಬೆಟಗೇರಿಯ ಗ್ಯಾರೇಜಿನ ಫಕ್ಕೀರಣ್ಣ ಹೋಗಿಬಿಟ್ಟ...
ಮೊನ್ನೆಯಷ್ಟೇ "ಮಾಸ್ತರ, ಗುಳಿಗಿ ನುಂಗ್ತೀರೋ ಇಲ್ಲೋ?" ಎಂದು ನನ್ನನ್ನು ಗದರಿದವನು, ತಾನೇ ಮೊದಲು ಎದ್ದು ನಡೆದ.

ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಹಸಿರು ಕಾರು ನೆನಪಿರಬೇಕು.
ಅದರ ಕಥೆ ಗೊತ್ತಿರಲಿಕ್ಕಿಲ್ಲ. ಇವತ್ತು ಹೇಳದಿದ್ದರೆ ಎದೆ ಹಗುರಾಗುವುದಿಲ್ಲ...

ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೋತದ್ದು.
ಗದಗಿನಿಂದ ಮುಂಡರಗಿಯ ಶಾಲೆಗೆ ಪಾಠ ಹೇಳಲು ಹೋಗುವಾಗ ದಿನಾ ಇಬ್ಬರು ನನ್ನನ್ನು ಎತ್ತಿ ಬಸ್ಸಿಗೆ ಹತ್ತಿಸುತ್ತಿದ್ದರು. ಒಳ್ಳೆಯ ಜನ...
ಆದರೆ ಹುಡುಗರ ಕಣ್ಣೆದುರು ಮೂಟೆಯ ಹಾಗೆ ಮೇಲೇರುವುದೆಂದರೆ ನನಗೆ ಜೀವ ಹೋಗುತ್ತಿತ್ತು.

ಮುಂಬೈಯ ಸೋದರಮಾವ ತನ್ನ ಹಳೇ ವಿಲಾಯತಿ ಕಾರನ್ನು ನನಗೆ ಕೊಟ್ಟ.
ಆಟೊಮ್ಯಾಟಿಕ್ ಗೇರು. ಕ್ಲಚ್ ಇಲ್ಲ. ಎರಡೇ ಪೆಡಲ್, ಬಲಗಾಲೊಂದೇ ಸಾಕು.
ಕೆಲವು ವರ್ಷ ರಾಜನ ಹಾಗೆ ಓಡಾಡಿದೆ.

ಎಂಬತ್ತರ ದಶಕದ ಒಂದು ಬೇಸಿಗೆ... ಲಕ್ಷ್ಮೇಶ್ವರದ ರಸ್ತೆಯಲ್ಲಿ ಗೇರ್‌ಬಾಕ್ಸ್ ಕೆಟ್ಟು ನಿಂತಿತು.
ಸಾಮಾನು ಮುಂಬೈಯಲ್ಲೂ ಸಿಗಲಿಲ್ಲ. ಗುಜರಿಗೆ ಹಾಕಿ ಎಂದರು ಎಲ್ಲರೂ.
ಫಕ್ಕೀರಣ್ಣ ಮಾತ್ರ, "ಬಿಟ್ಟು ಹೋಗ್ರಿ ಮಾಸ್ತರ. ಓಡೂ ಹಂಗ ಮಾಡಿ ಕೊಡ್ತೀನಿ" ಎಂದ.

ನಾನು ಪರೀಕ್ಷೆಯ ಕೆಲಸಕ್ಕೆಂದು ಶಿರಹಟ್ಟಿಗೆ ಹೋದೆ. ತಿಂಗಳಾದ ಮೇಲೆ ಬಂದರೆ, ಕಾರು ಸ್ಟಾರ್ಟ್ ಆಗಿ ನಿಂತಿದೆ!
ಹಳೇ ಬಾಕ್ಸ್ ಕಿತ್ತು, ಅಂಬಾಸಿಡರಿನ ಮ್ಯಾನುವಲ್ ಗೇರ್‌ಬಾಕ್ಸ್ ಕೂರಿಸಿದ್ದ. ಎಂಜಿನ್ನಿಗೆ ಹೊಂದಲಿ ಎಂದು ಲೇತಿನಲ್ಲಿ ದಪ್ಪ ಪ್ಲೇಟು ಮಾಡಿಸಿ, ಶಾಫ್ಟ್ ಕತ್ತರಿಸಿ ವೆಲ್ಡಿಂಗ್ ಮಾಡಿಸಿ, ಕಾರಿನ ತಳ ಕೊರೆದು ಗೇರ್ ರಾಡು ಮೇಲೆ ತಂದು...
"ಕುಂಡ್ರಿ ಮಾಸ್ತರ, ಹೊಡೀರಿ!"
ಅವನ ಮುಖ ನೋಡಬೇಕಿತ್ತು ನೀವು.

ಕೂತೆ. ಕೆಳಗೆ ನೋಡಿದೆ.
ಮೂರು ಪೆಡಲ್.
ನನ್ನ ಎಡಗಾಲಿನ ಮುಂದೆ ಹೊಚ್ಚ ಹೊಸ ಕ್ಲಚ್...

ಫಕ್ಕೀರಣ್ಣ, ಆಗ ನೀನೂ ನೋಡಿದೆ. ನನ್ನ ಕಾಲನ್ನು ಅವತ್ತೇ ಮೊದಲು ಕಂಡವನ ಹಾಗೆ ನಿಂತುಬಿಟ್ಟೆ...
"ಕೆಟ್ಟ ಮ್ಯಾಲ ಬುದ್ಧಿ ಬಂತು ನೋಡ್ರಿ" ಎಂದು ನೀನು ಹಣೆ ಬಡಿದುಕೊಂಡೆ.
ನನಗೋ ತಲೆ ಕೆಟ್ಟಿತ್ತು. ಮತ್ತೆ ಬಸ್ಸು, ಮತ್ತೆ ಆ ಇಬ್ಬರ ಕೈ...
"ದಿನಾ ನೋಡ್ತಿದ್ದಿ, ನನ್ನ ಕಾಲು ಹೆಂಗ ಮರತಿ ಫಕ್ಕೀರಣ್ಣಾ?" ಎಂದು ಕೂಗಾಡಿದೆ.
ನೀನು ಮೆಲ್ಲಗೆ ಹೇಳಿದೆ.
"ನಿಮ್ಮನ್ನ ನೋಡಿದ್ರ ಕಾಲು ನೆನಪಾಗಂಗಿಲ್ರಿ ಮಾಸ್ತರ..."

ಆಮೇಲೆ ಎಂಟು ದಿನ ಬೇರೆ ಗಾಡಿ ಮುಟ್ಟಲಿಲ್ಲ ನೀನು.
ಮೋಟರ್‌ಸೈಕಲ್ಲಿನ ಕ್ಲಚ್ ಹಿಡಿಯನ್ನು ಗೇರ್ ರಾಡಿಗೇ ಕೂರಿಸಿದೆ. ನಾನು ಬಿಗಿ ಎಂದಾಗ ಕೆಳಗೆ ಉದ್ದನೆಯ ಲಿವರ್ ಸೇರಿಸಿ ಹಗುರ ಮಾಡಿದೆ. ಬೆರಳಿನಿಂದ ಅದುಮುವುದು, ಅದೇ ಕೈಯಲ್ಲಿ ಗೇರ್ ಹಾಕುವುದು.
ಕೊರ್ಲಹಳ್ಳಿಯ ಹೊಳೆಯ ತನಕ ಪಕ್ಕದಲ್ಲಿ ಕೂತು, ಬೈದು ಬೈದು ಕಲಿಸಿದೆ.
ಆಮೇಲೆ ಯಾರೂ ನನ್ನನ್ನು ಎತ್ತಲಿಲ್ಲ...

ಇವತ್ತು ಮಧ್ಯಾಹ್ನ ನಿನ್ನ ಹುಟ್ಟೂರು ಹರ್ತಿಗೆ, ನಿನ್ನ ಮಣ್ಣಿಗೆ ಬಂದಿದ್ದೆ.
ಹೆಗಲು ಕೊಡಲು ಮುಂದೆ ಹೋದೆ.
"ಬ್ಯಾಡ್ರಿ ಮಾಸ್ತರ, ನಿಮ್ಮ ಕಾಲು... ನೀವು ಕುಂಡ್ರಿ" ಎಂದು ಕುರ್ಚಿ ತಂದು ಹಾಕಿದರು.
ಒಳ್ಳೆಯ ಜನ...
ಎಲ್ಲರಿಗೂ ನೆನಪಿತ್ತು.
ಮರೆಯುವವನು ನೀನೊಬ್ಬನೇ. ನೀನು ಅವರ ಹೆಗಲ ಮೇಲಿದ್ದೆ.

ಹೋಗಿ ಬಾ ಅಣ್ಣಾ...
ನಿನ್ನ ಜೀವ ಎಲ್ಲಿದ್ದರೂ ತಣ್ಣಗಿರಲಿ.