ಗಂಜಿ ಬಿಟ್ಟ ಜೋಲಿ, ಗಟ್ಟಿ ನಿಂತ ರೇಣುಕವ್ವ

ಬೆಳಗಿನ ಐದೂವರೆ. ಗಜೇಂದ್ರಗಡದ ಗುಡ್ಡದ ಮೇಲೆ ಇಬ್ಬನಿ ತೊಟ್ಟಿಕ್ಕುತ್ತಿದೆ. ಐವತ್ತೆರಡರ ರೇಣುಕವ್ವ ಏದುಸಿರು ಬಿಡುತ್ತಾ ಮರದಿಂದ ಮರಕ್ಕೆ ಓಡಾಡಿ, ಮರಗಳ ನಡುವೆ ತೂಗುತ್ತಿರುವ ಬಟ್ಟೆಯ ಜೋಲಿಗಳ ಗಂಟು ಮುಟ್ಟಿ ನೋಡುತ್ತಿದ್ದಾರೆ. ಒಟ್ಟು ನಲವತ್ತು ಜೋಲಿ. ಒಳಗೆ ಗುಡ್ಡದ ಶಿಬಿರಕ್ಕೆ ಬಂದಿರುವ ರೋಣ, ನರಗುಂದದ ಯುವಕ ಸಂಘಗಳ ಹುಡುಗ ಹುಡುಗಿಯರು ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಾರೆ. ಇವತ್ತು ಒಂದು ಗಂಟು ಜಾರಿದರೂ ಈ ಜೋಲಿಗಳಿಗೆ ಇನ್ನು ಗಿರಾಕಿಯಿಲ್ಲ.

ರೇಣುಕವ್ವ ಕೈಮಗ್ಗದ ಮನೆಯವರು. ಅಂಗಡಿಯ ಜೋಲಿಗೆ ಎರಡು ಸಾವಿರ ಕೊಡಲಾಗದೆ ಕೂಲಿಕಾರರ ಮಕ್ಕಳು ಶಿಬಿರಕ್ಕೇ ಬರುತ್ತಿಲ್ಲ, ನೆಲದ ಮೇಲೆ ಮಲಗಲು ಚೇಳಿನ ಭಯ ಎಂದು ಶಿಬಿರ ನಡೆಸುವ ಅಂಜುಮ ಒಮ್ಮೆ ಇವರ ಮುಂದೆ ಹೇಳಿಕೊಂಡಳು. ರೇಣುಕವ್ವನಿಗೆ ಹೊಲದಲ್ಲಿ ಕೂಸು ಮಲಗಿಸುವ ಸೀರೆಯ ಜೋಲಿ ನೆನಪಾಯಿತು. "ಕೂಸಿಗೆ ಆಗೂದು ದೊಡ್ಡವರಿಗ್ಯಾಕ ಆಗಂಗಿಲ್ಲ ಅಂತ ದಪ್ಪ ನೂಲಿಲೆ ನೇದ್ನಿರಿ" ಎನ್ನುತ್ತಾರೆ. ಒಂದಕ್ಕೆ ಮುನ್ನೂರೈವತ್ತು ರೂಪಾಯಿ, ಅಷ್ಟೇ.

ಹೋದ ವರ್ಷದ ಮೊದಲ ಹತ್ತು ಜೋಲಿ ರಾತ್ರಿಯಿಡೀ ನಿಂತವು. ನಸುಕಿನಲ್ಲಿ ಒಂದರ ಹಿಂದೊಂದು ಜಾರಿ, ಹತ್ತೂ ಜನ ಧೊಪ್ಪೆಂದು ಹುಲ್ಲಿನ ಮೇಲೆ! ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹುಡುಗರು ಎದ್ದು ನಿಂತರು. ಆದರೆ ಯುವಕ ಸಂಘಗಳ ಹಿರಿಯ ಹೂವಪ್ಪನವರು ಮಾತ್ರ ಇನ್ನು ಮುಂದೆ ಅಂಗಡಿಯ ಮಾಲೇ ಸೈ ಎಂದುಬಿಟ್ಟರು.

ತಪ್ಪು ನೇಕಾರರದೇ. ನೂಲಿಗೆ ಹಚ್ಚಿದ ಗಂಜಿ ಇಬ್ಬನಿಗೆ ನೆನೆದು, ಬಟ್ಟೆ ಮೆತ್ತಗಾಗಿ, ಗಂಟು ಸಡಿಲಿತ್ತು. "ಗಂಜಿ ಅಂದ್ರ ನೇಕಾರರ ಮರ್ಯಾದಿರಿ. ಗರಿಗರಿ ಇಲ್ಲದ ಬಟ್ಟಿ ನಾವು ಮನಿಯಿಂದ ಹೊರಗ ಬಿಡಂಗಿಲ್ಲ. ಆ ಗಂಜೀನ ನನ್ನ ಮರ್ಯಾದಿ ಕಳೀತು ನೋಡ್ರಿ" ಎಂದು ನಗುತ್ತಾರೆ. ಅವತ್ತು ಅತ್ತಿದ್ದರಂತೆ.

ಈಗ ದಿನಕ್ಕೆ ಎರಡು ಜೋಲಿ ಸಿದ್ಧವಾಗುತ್ತವೆ. ಬಟ್ಟೆಯನ್ನು ಮೂರು ಸಲ ಕುದಿಸಿ ಗಂಜಿ ತೆಗೆದು, ಒದ್ದೆಯಲ್ಲೇ ಗಂಟು ಬಿಗಿಯುತ್ತಾರೆ. ಕ್ವಿಂಟಲ್ ಜೋಳದ ಚೀಲವನ್ನು ಒಂದಿಡೀ ರಾತ್ರಿ ಅದರಲ್ಲಿ ತೂಗುಬಿಟ್ಟು, ಬೆಳಿಗ್ಗೆ ಗಂಟಿನ ಮೇಲೆ ನೀರು ಸುರಿದು ನೋಡುತ್ತಾರೆ. ಇಷ್ಟಾದರೂ ಹೂವಪ್ಪನವರು ನಂಬಲಿಲ್ಲ. ಕಡೆಗೆ ಅಂಜುಮಳ ಕಾಟ ತಾಳದೆ, "ನಾನ ಮಕ್ಕೊಂಡ ನೋಡ್ತೇನಿ. ಬಿದ್ದೆ ಅಂದ್ರ ಇದ ಕಡೀದು" ಎಂದು ನಿನ್ನೆ ಸಂಜೆ ತಾವೇ ಗುಡ್ಡ ಹತ್ತಿ, ನಲವತ್ತರಲ್ಲಿ ಒಂದು ಜೋಲಿಯಲ್ಲಿ ಮಲಗಿದರು.

ಬಿಸಿಲು ಏರುತ್ತಿದೆ. ಎಲೆಗಳ ಇಬ್ಬನಿ ಆರಿದೆ. ಒಬ್ಬರೂ ಬಿದ್ದಿಲ್ಲ. ಅಂಜುಮ ಕುಣಿಯುವುದೊಂದು ಬಾಕಿ.

"ಅಕ್ಕಾರ, ನಲವತ್ತೂ ನಿಂತಾವ್ರಿ! ತಡೀರಿ, ಮೊದಲ ಹೂವಪ್ಪಜ್ಜಾರನ್ನ ಎಬ್ಬಸ್ತೇನಿ."

ರೇಣುಕವ್ವ ಅವಳ ಕೈ ಹಿಡಿದು ನಿಲ್ಲಿಸುತ್ತಾರೆ.

"ಬ್ಯಾಡವ್ವಾ, ಮಲಗ್ಲಿ. ಅವರ ಗೊರಕಿ ಇನ್ನೊಂದೀಟು ಕೇಳ್ತೇನಿ."