ಉಪ್ಪು ಹಾಕುವ ಕೈ

ಇವತ್ತು ಬೆಳಿಗ್ಗೆ ಸೊಸೆ ಹೋಳಿಗೆಗೆಂದು ಬೇಳೆ ಬೇಯಿಸಿ ಕಟ್ಟು ಬಸಿಯುತ್ತಿದ್ದಳು. ಆ ಬಿಸಿ ಕಟ್ಟಿನ ವಾಸನೆ ಜಗಲಿಯವರೆಗೂ ಬಂತು. ಬತ್ತಿ ಹೊಸೆಯುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಯಗಟಿಯ ಆ ಮನೆ, ಆ ಯುಗಾದಿ, ನಮ್ಮ ಅಕ್ಕ... ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ, ಭಾವನವರ ಹೆಂಡತಿ.

ನಾನು ಆ ಮನೆಗೆ ಸೊಸೆಯಾಗಿ ಹೋದದ್ದು ಮಹಾರಾಜರು ಆಳುತ್ತಿದ್ದ ಕಾಲದಲ್ಲಿ. ಅತ್ತೆ ಇರಲಿಲ್ಲ, ಅಕ್ಕನೇ ಯಜಮಾನಿ. ರಾಗಿ ಬೀಸುವುದು, ಕಾಯಿ ತುರಿಯುವುದು, ಖಾರ ಅರೆಯುವುದು, ಒಲೆ ಉರಿಸುವುದು ಎಲ್ಲ ನನ್ನದು. ಉಪ್ಪು ಮಾತ್ರ ಅಕ್ಕನದು. ಇಬ್ಬರು ಹೆಂಗಸರಿರುವ ಅಡುಗೆಮನೆಯಲ್ಲಿ ಉಪ್ಪು ಹಾಕುವ ಕೈ ಒಂದೇ ಇರಬೇಕು, ಇಲ್ಲದಿದ್ದರೆ ಎರಡು ಸಲ ಬೀಳುತ್ತದೆ ಎನ್ನುವುದು ಆ ಮನೆಯ ಕಟ್ಟಳೆ. ಎಲೆಯ ತುದಿಗೆ ಬಡಿಸುವ ಚಿಟಿಕೆ ಉಪ್ಪೂ ಅವಳ ಕೈಯಿಂದಲೇ. ಒಂಬತ್ತು ವರ್ಷ ಅಡುಗೆ ಮಾಡಿದೆ, ಒಂದು ಹರಳು ಉಪ್ಪು ಮುಟ್ಟಲಿಲ್ಲ.

ಆಮೇಲೆ ಅಣ್ಣತಮ್ಮಂದಿರು ಪಾಲಾದರು. ಕಾರಣ ಏನು ಮಹಾ... ತೆಂಗಿನ ತೋಟಕ್ಕೆ ಎತ್ತು ಎಳೆಯುವ ಕಪಿಲೆ ಬಾವಿಯ ನೀರು ಬಿಡುವ ಸರದಿ. ಅದಕ್ಕೆ ನನ್ನ ಬಾಯಿಯೂ ಸೇರಿತು. ಸುಳ್ಳೇಕೆ ಹೇಳಲಿ, ಆಗ ನನ್ನ ಬಾಯಿ ಜೋರೇ. ಖಾತೆ ಬೇರೆಯಾಯಿತು, ನಡುಮನೆಗೆ ಗೋಡೆ ಎದ್ದಿತು. ಭಾವನವರು ಎಂಟು ತಿಂಗಳು ತಮ್ಮನ ಮುಖ ನೋಡಲಿಲ್ಲ. ನಮ್ಮ ಮನೆಯವರು ಸೊರಗಿಹೋದರು. ಉಣ್ಣುವಾಗ ಗೋಡೆಯಾಚೆ ಅಣ್ಣ ಕೆಮ್ಮಿದರೂ ಇವರ ತುತ್ತು ಅಲ್ಲೇ ನಿಲ್ಲುತ್ತಿತ್ತು.

ಯುಗಾದಿ ಬಂತು. ಮನೆಯವರು ತಾವೇ ಹೋಗಿ, ಈ ಸಲ ಎಲ್ಲರೂ ನಮ್ಮಲ್ಲೇ ಉಣ್ಣಬೇಕು ಎಂದು ಕರೆದರು. ಭಾವನವರು ಒಪ್ಪಿದರು ಎಂದು ಕೇಳಿದ ಕೂಡಲೇ ನಾನು ಬೇಳೆ, ಬೆಲ್ಲ ಅಳೆಯಲು ಕೂತೆ. ಅಷ್ಟು ಜನಕ್ಕೆ ನಾನೊಬ್ಬಳೇ ಹಬ್ಬದಡುಗೆ ಮಾಡುವುದು ಅದೇ ಮೊದಲು. ಈ ಊಟ ಕೆಟ್ಟರೆ ಅಣ್ಣತಮ್ಮಂದಿರು ಈ ಜನ್ಮದಲ್ಲಿ ಸೇರುವುದಿಲ್ಲ ಎಂದು ಗೊತ್ತಿತ್ತು.

ಹೂರಣ ರುಬ್ಬಿದೆ, ಹೋಳಿಗೆ ಬೇಯಿಸಿದೆ. ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಕೋಸಂಬರಿ... ದೇವರಿಗೆ ಎಡೆ ಇಡುವ ತನಕ ರುಚಿ ನೋಡುವಂತಿಲ್ಲ, ನೋಡಲಿಲ್ಲ. ಬಂದ ಅಕ್ಕ ಅಡುಗೆಮನೆಯ ಹೊಸಲಿನಲ್ಲೇ ನಿಂತಳು. ಒಳಗೆ ಬಾ ಎಂದೆ.

"ಬ್ಯಾಡ ಕಣೇ. ನಿನ್ ಒಲೆ, ನೀನೇ ಮಾಡು. ಇವತ್ತು ನಾನು ನೆಂಟ್ರು," ಎಂದಳು. ಚುಚ್ಚಿದ್ದೋ ತಮಾಷೆಯೋ ತಿಳಿಯಲಿಲ್ಲ.

ಗಂಡಸರು ಎಲೆ ಮುಂದೆ ಕೂತರು. ಭಾವನವರು ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟರು, ಅಗಿಯುವುದನ್ನು ನಿಲ್ಲಿಸಿದರು. ಪಲ್ಯ ಮುಟ್ಟಿದರು. ಎಲೆಯ ತುದಿ ನೋಡಿದರು, ಅಲ್ಲೂ ಏನೂ ಇಲ್ಲ.

"ಏನೋ ತಮ್ಮ, ಉಪ್ಪಿನ ಋಣಾನೂ ಬ್ಯಾಡ ಅಂತ್ಲಾ ನಮ್ಮನ್ನ ಕರ್ದಿದ್ದು?"

ಅಯ್ಯೋ ಶಿವನೇ! ಆಗ ಹೊಳೆಯಿತು. ಖಾರ, ಹುಳಿ, ಬೆಲ್ಲ ಎಲ್ಲ ಹಾಕಿದ್ದೆ, ಒಂದಕ್ಕೂ ಉಪ್ಪು ಹಾಕಿರಲಿಲ್ಲ. ಬೇರೆಯಾದ ಮೇಲೆ ದಿನವೂ ನಾನೇ ಉಪ್ಪು ಹಾಕುತ್ತಿದ್ದರೂ, ಎಲ್ಲರೂ ಒಟ್ಟಿಗೆ ಉಣ್ಣುವ ಹಬ್ಬ ಎಂದಾಗ ಹಳೇ ರೂಢಿಯಂತೆ ಅಕ್ಕ ಹಾಕುತ್ತಾಳೆ ಎಂದು ನನ್ನ ಕೈ ತಾನಾಗಿಯೇ ಬಿಟ್ಟಿತ್ತು. ಭಾವನವರು ಏಳಲು ನೆಲಕ್ಕೆ ಕೈ ಊರಿದರು. ನನ್ನ ಗಂಡನ ಮುಖ ಬಿಳಿಚಿತು.

ಅಕ್ಕ ಹೊಸಲು ದಾಟಿ ಒಳಗೆ ಬಂದಳು. ಉಪ್ಪಿನ ಮಡಕೆಗೆ ಕೈ ಹಾಕಿ ಸಾರಿಗೆ ಸುರಿದಳು, ಮಿಕ್ಕಿದ್ದನ್ನು ಹಿಡಿದುಕೊಂಡು ಎಲೆಗಳ ಮುಂದೆ ಹೋದಳು.

"ಏಳ್ಬ್ಯಾಡಿ, ಕೂತ್ಕಳ್ರೀ. ಉಪ್ಪು ಯಾವತ್ತೂ ನಂದಲ್ವಾ ಅಂತ ಅವ್ಳು ನಂಗೇ ಬಿಟ್ಟಿದ್ಲು. ನಾನು ಮಾತಾಡ್ತಾ ಮರ್ತ್ಬಿಟ್ಟೆ ಕಣ್ರೀ."

ಭಾವನವರು ನೆಲಕ್ಕೆ ಊರಿದ್ದ ಕೈ ತೆಗೆದರು. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟರು. "ಥೂ ನಿನ್ನ! ಇಲ್ಲಿಗ್ ಬಂದೂ ನನ್ ಮಾನ ಕಳ್ದ್ಯಲ್ಲೇ," ಎಂದು ಮತ್ತೆ ಎಲೆಗೆ ಕೈ ಹಾಕಿದರು. ಅವತ್ತು ಅಣ್ಣತಮ್ಮ ಇಬ್ಬರೂ ಪೈಪೋಟಿಯ ಮೇಲೆ ಹೋಳಿಗೆ ತಿಂದರು.

ಅಕ್ಕನಿಗೆ ಮಾತ್ರ ಮರೆಗುಳಿ ಎಂಬ ಹೆಸರು ಅಂಟಿತು. ಯಾರ ಮನೆಯ ಊಟಕ್ಕೆ ಹೋದರೂ ಭಾವನವರು, ಇವಳ ಕೈಗೆ ಉಪ್ಪು ಕೊಡಬೇಡಿ, ಮರೆತುಬಿಡುತ್ತಾಳೆ ಎಂದು ರೇಗಿಸುತ್ತಿದ್ದರು. ಅವಳು ನಗುತ್ತಿದ್ದಳು, ನನ್ನ ಕಡೆ ಒಂದು ಸಲವೂ ತಿರುಗಿ ನೋಡುತ್ತಿರಲಿಲ್ಲ. ನಿಜ ಹೇಳಿಬಿಡೋಣ ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ... ಅಷ್ಟು ಜೋರಿದ್ದ ಬಾಯಿ ಅದೊಂದಕ್ಕೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಅಕ್ಕ ಜ್ವರದಲ್ಲಿ ತೀರಿಕೊಂಡಳು. ಅವಳ ತಿಥಿಯ ಅಡುಗೆ ನಾನೇ ಮಾಡಿದೆ. ಭಾವನವರು ಮೊದಲ ತುತ್ತು ನುಂಗಿ, "ಉಪ್ಪು ಸರ್ಯಾಗೈತೆ ಕಣಮ್ಮ. ಅವ್ಳಾಗಿದ್ರೆ ಮರ್ತಿರೋಳು," ಎಂದು ನಗಲು ಹೋಗಿ ಅತ್ತರು. ನಾನು ಆಗಲೂ ಸುಮ್ಮನೆ ಅನ್ನ ಬಡಿಸಿದೆ.

ಈಗ ಭಾವನವರೂ ಇಲ್ಲ, ನಮ್ಮ ಮನೆಯವರೂ ಇಲ್ಲ. ಹೇಳಿದ್ದರೆ ಒಂದು ಗಳಿಗೆ ಬೈಸಿಕೊಳ್ಳುತ್ತಿದ್ದೆ, ಅಷ್ಟೇ. ಅಕ್ಕ ಸಾಯುವ ತನಕ ನನ್ನ ಮರೆವನ್ನು ತನ್ನದೆಂದು ಹೊತ್ತಳು. ಕೆಳಗಿಳಿಸು ಎಂದು ನಾನು ಒಂದು ದಿನವೂ ಹೇಳಲಿಲ್ಲ.