ಅಂಜುವವರೆಲ್ಲ ಸ್ಟೇಜಿಗೆ ಬರಬೇಕಂತೆ!

ಸ್ನೇಹಿತರೇ, ಇವತ್ತು ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಭಾಕಂಪನ ಬಿಡಿಸುವ ಕಾರ್ಯಾಗಾರ. ಹರಪನಹಳ್ಳಿಯಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿ ಶುರುವಿಗೇ ಮೈಕ್ ಹಿಡಿದು, "ಮಂದಿ ಮುಂದ ಮಾತಾಡಾಕ ಯಾರಿಗೆಲ್ಲ ಅಂಜಿಕಿ ಐತಿ, ಸ್ಟೇಜ್ ಮ್ಯಾಲೆ ಬರ್ರಿ" ಎಂದರು. ಒಬ್ಬರೂ ಕದಲಲಿಲ್ಲ. "ಭೇಷ್! ಇಲ್ಲಿ ಯಾರಿಗೂ ಅಂಜಿಕಿ ಇಲ್ಲ!" ಎಂದು ತಾವೇ ಚಪ್ಪಾಳೆ ತಟ್ಟಿದರು.

ಆಗ ತಂಬ್ರಹಳ್ಳಿಯಿಂದ ಬರುವ ಹುಡುಗಿಯೊಬ್ಬಳು, ಹಾಜರಿ ಕರೆದರೂ ಬರೀ ಕೈ ಎತ್ತುವವಳು, ಒಂದು ಚೀಟಿ ಕಳಿಸಿದಳು. ಸಾಹೇಬರು ಅದನ್ನು ಹೆಸರು ಸಮೇತ ಮೈಕಿನಲ್ಲಿ ಓದಿದರು: "ಸರ್, ನನಗೆ ಅಂಜಿಕೆ ಇದೆ. ದಯವಿಟ್ಟು ಮುಂದೆ ಕರೆಯಬೇಡಿ." ಓದಿ ಮುಗಿಸಿ, "ಬಾರವ್ವ ಮುಂದ" ಎಂದು ಕರೆದೇಬಿಟ್ಟರು. ಸಭೆಯೆಲ್ಲ ನಕ್ಕಿತು.

ಹುಡುಗಿ ಇದ್ದಲ್ಲೇ ಎದ್ದು ನಿಂತಳು. ದನಿ ನಡುಗುತ್ತಿತ್ತು, ಆದರೆ ಕೊನೆಯ ಬೆಂಚಿಗೂ ಕೇಳಿಸಿತು: "ನನಗ ಮಂದಿ ಅಂಜಿಕಿ ಇಲ್ರಿ ಸರ್. ನಿಮ್ಮಂಥೋರ ಕೈಗೆ ಮೈಕ್ ಸಿಗತೈತಲ್ರಿ, ಅದರ ಅಂಜಿಕಿ."

ಕಾರ್ಯಕ್ರಮದ ವರದಿ ಬರೆಯುವ ಉಪನ್ಯಾಸಕ ನಾನೇ. "ಒಂದೇ ತಾಸಿನಾಗ ಹುಡುಗಿ ಅಂಜಿಕಿ ಬಿಟ್ಟು ಮಾತಾಡ್ಯಾಳ ಅಂತ ಬರೀರಿ" ಎಂದರು ಪ್ರಾಂಶುಪಾಲರು. ಹಾಗೆಯೇ ಬರೆದೆ. ಏನು ಮಾಡಲಿ, ಚೀಟಿ ಕಳಿಸುವಷ್ಟು ಧೈರ್ಯವೂ ನನಗಿಲ್ಲ.